ಮೀನುತೊಟ್ಟಿಗೊಂದು ಕ್ಯಾಮೆರಾ: ಆಯ್ಕೆಯ ಪ್ರಗತಿ ಟಿಪ್ಪಣಿ

ಈಗಿನ ಸ್ಥಿತಿ

60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ, ಗಿಡ ನೆಟ್ಟ ತೊಟ್ಟಿಯಲ್ಲಿರುವ ನಿಯಾನ್ ಟೆಟ್ರಾ, ಹನಿ ಗೌರಾಮಿ ಮತ್ತು ಕೋರಿಡೋರಸ್ ಮೀನುಗಳನ್ನು, ಕಣ್ಣಿನ ಉಂಗುರವೂ ರೆಕ್ಕೆಯ ಎಳೆಗಳೂ ಬಿಡಿಬಿಡಿಯಾಗಿ ಕಾಣುವಂತೆ ಸೆರೆಹಿಡಿಯಬಲ್ಲ ಡಿಜಿಟಲ್ ಕ್ಯಾಮೆರಾವನ್ನು ಆರಿಸುವುದು ಈ ಯೋಜನೆಯ ಉದ್ದೇಶ. ಕ್ಯಾಮೆರಾ ಮತ್ತು ಲೆನ್ಸಿನ ಆಯ್ಕೆ ಮುಗಿದಿದೆ. ಬೆಳಕಿನ ವ್ಯವಸ್ಥೆ ಟೆಟ್ರಾ ಮತ್ತು ಗೌರಾಮಿಗಳ ಮಟ್ಟಿಗೆ ಒಪ್ಪುವಂತಿದೆ. ತಳದಲ್ಲೇ ಓಡಾಡುವ ಕೋರಿಡೋರಸ್‌ಗಳ ಮಟ್ಟಿಗೆ ಇನ್ನೂ ಕೆಲಸ ಬಾಕಿಯಿದೆ. ಆಯ್ಕೆಯ ಹಿಂದಿನ ಲೆಕ್ಕಾಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಏಕೆಂದರೆ ಮೆಗಾಪಿಕ್ಸೆಲ್‌ಗಳನ್ನು ಹೋಲಿಸುತ್ತ ಕೂತವರಿಗೆ ಮೀನಿನ ಚಿತ್ರಕ್ಕೆ ನಿಜವಾಗಿ ಬೇಕಾದದ್ದೇನು ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ.

ಮೀನಿನ ವೇಗದ ಲೆಕ್ಕ

ಮೂರು ಸೆಂಟಿಮೀಟರಿನ ನಿಯಾನ್ ಟೆಟ್ರಾ ಚೌಕಟ್ಟಿನ ಮೂರನೆಯ ಎರಡು ಪಾಲನ್ನು ತುಂಬಬೇಕೆಂದರೆ, ಚಿತ್ರದ ಅಗಲ ತೊಟ್ಟಿಯೊಳಗಿನ ನಾಲ್ಕೂವರೆ ಸೆಂಟಿಮೀಟರಿಗೆ ಸಮನಾಗಿರಬೇಕು. 20 ಮೆಗಾಪಿಕ್ಸೆಲ್ ಚಿತ್ರದ ಅಗಲ ಸುಮಾರು 5,200 ಪಿಕ್ಸೆಲ್. ಅಂದರೆ ಪ್ರತಿ ಮಿಲಿಮೀಟರಿಗೆ 115 ಪಿಕ್ಸೆಲ್‌ಗಳು. ಮೀನು ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಸಾಗುತ್ತಿದೆ ಎಂದಿಟ್ಟುಕೊಳ್ಳೋಣ. ಇದು ಟೆಟ್ರಾದ ಮಟ್ಟಿಗೆ ನಿಧಾನದ ಓಡಾಟವೇ ಸರಿ. 1/125 ಸೆಕೆಂಡಿನ ಶಟರ್ ವೇಗದಲ್ಲಿ ಅದು 0.8 ಮಿಲಿಮೀಟರ್ ಸರಿಯುತ್ತದೆ, ಚಿತ್ರ 90 ಪಿಕ್ಸೆಲ್‌ಗಳಷ್ಟು ಮಸುಕಾಗುತ್ತದೆ. 1/1000 ಸೆಕೆಂಡಿನಲ್ಲೂ 11 ಪಿಕ್ಸೆಲ್‌ಗಳ ಮಸುಕು ಉಳಿಯುತ್ತದೆ. 1/10000 ಸೆಕೆಂಡಿಗೆ ಬಂದಾಗ ಮಾತ್ರ ಅದು ಒಂದು ಪಿಕ್ಸೆಲ್ಲಿನ ಆಸುಪಾಸಿಗೆ ಇಳಿಯುತ್ತದೆ.

ತೊಟ್ಟಿಯ ದೀಪದ ಬೆಳಕಿನಲ್ಲಿ ಅಂಥ ವೇಗವನ್ನು ಬಳಸುವ ಮಾತೇ ಇಲ್ಲ. ಕಡಿಮೆ ಶಕ್ತಿಗೆ ಹೊಂದಿಸಿದ ಫ್ಲ್ಯಾಶ್ ಮಾತ್ರ ಅಷ್ಟು ಕಿರಿದಾದ ಬೆಳಕಿನ ಮಿಂಚನ್ನು ಕೊಡಬಲ್ಲದು. ಹಾಗಾಗಿ ಚಲನೆಯನ್ನು ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಶ್. ಈ ಒಂದು ತೀರ್ಮಾನದಿಂದ ಬೇಡದ ಅಂಶಗಳು ತಾವಾಗಿಯೇ ಪಟ್ಟಿಯಿಂದ ಉದುರಿದವು. ಸೆಕೆಂಡಿಗೆ ಇಷ್ಟು ಚಿತ್ರ ಎಂಬ ಬರ್ಸ್ಟ್ ವೇಗ ಮುಖ್ಯವಲ್ಲ, ಏಕೆಂದರೆ ಫ್ಲ್ಯಾಶ್ ಆ ವೇಗಕ್ಕೆ ಮತ್ತೆ ಮತ್ತೆ ಚಾರ್ಜ್ ಆಗುವುದಿಲ್ಲ. ಬಹಳವಾಗಿ ಹೊಗಳಿಸಿಕೊಳ್ಳುವ ಇಮೇಜ್ ಸ್ಟೆಬಿಲೈಸೇಶನ್ ಕೂಡ ಇಲ್ಲಿ ದೊಡ್ಡ ಸಂಗತಿಯಲ್ಲ. ಅದು ತಡೆಯುವುದು ನಮ್ಮ ಕೈಯ ನಡುಕವನ್ನು, ಮೀನಿನ ಓಟವನ್ನಲ್ಲ. ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್ ಅಂತೂ ಬೇಡವೇ ಬೇಡ: ಅದು ಸೆನ್ಸರನ್ನು, ಅಂದರೆ ಬೆಳಕನ್ನು ಚಿತ್ರವಾಗಿಸುವ ಫಲಕವನ್ನು, ಸಾಲುಸಾಲಾಗಿ ಓದುವುದರಿಂದ, ಪ್ರಕಾಶ ತಗ್ಗಿಸಿದ ಎಲ್‌ಇಡಿ ದೀಪಗಳ ಮಿನುಗು ಚಿತ್ರದಲ್ಲಿ ಅಡ್ಡಪಟ್ಟಿಗಳಾಗಿ ಮೂಡುತ್ತದೆ.

ಅದರ ಬದಲು ಮುಖ್ಯವಾದದ್ದು ಗುಂಡಿ ಒತ್ತಿದ ಕ್ಷಣಕ್ಕೂ ಚಿತ್ರ ದಾಖಲಾಗುವ ಕ್ಷಣಕ್ಕೂ ನಡುವಿನ ವಿಳಂಬ. ಹತ್ತನೆಯ ಒಂದು ಸೆಕೆಂಡ್ ತಡವಾದರೆ ಅದೇ ಮೀನು ಒಂದು ಸೆಂಟಿಮೀಟರ್, ಅಂದರೆ ತನ್ನ ಮೈಯ ಮೂರನೆಯ ಒಂದು ಭಾಗದಷ್ಟು, ಮುಂದೆ ಹೋಗಿರುತ್ತದೆ. ಬಾಲವಷ್ಟೇ ಉಳಿದ ಚಿತ್ರಗಳು ಹುಟ್ಟುವುದು ಹೀಗೆ.

ಸೆನ್ಸರಿನ ಗಾತ್ರ

ದೊಡ್ಡ ಸೆನ್ಸರ್ ಇದ್ದಷ್ಟೂ ಒಳ್ಳೆಯದು ಎಂಬ ಮಾತನ್ನು ಮೀನಿನ ವಿಷಯದಲ್ಲಿ ಹಾಗೆಯೇ ಒಪ್ಪಿಕೊಳ್ಳಲಾಗದು. ಫುಲ್ ಫ್ರೇಮ್ ಸೆನ್ಸರಿನ ಅಳತೆ 36×24 ಮಿಲಿಮೀಟರ್, ಮೈಕ್ರೋ ಫೋರ್ ಥರ್ಡ್ಸ್‌ನದು 17.3×13, ಸಾಮಾನ್ಯ ಪಾಯಿಂಟ್ ಅಂಡ್ ಶೂಟ್ ಕ್ಯಾಮೆರಾಗಳದು ಸುಮಾರು 6.2×4.6. ಇಷ್ಟು ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಕಾಣುವ ಪದರ, ಅಂದರೆ ಡೆಪ್ತ್ ಆಫ್ ಫೀಲ್ಡ್, ತೀರಾ ತೆಳುವಾಗುತ್ತದೆ. ಮೇಲೆ ಹೇಳಿದ ಚೌಕಟ್ಟಿನಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿಗೆ ಎಫ್/8 ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ಇಟ್ಟರೂ ಅದು ಎರಡು ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ನೀರಿನ ವಕ್ರೀಭವನ ಸೂಚ್ಯಂಕ 1.33 ಆಗಿರುವುದರಿಂದ ನೀರೊಳಗಿನ ಆಳ ಹೊರಗಿನಿಂದ ನೋಡುವಾಗ ಮುಕ್ಕಾಲರಷ್ಟಾಗಿ ಕಾಣುತ್ತದೆ. ಆ ಲೆಕ್ಕದಲ್ಲಿ ನಮಗೆ ಮೂರು ಮಿಲಿಮೀಟರ್ ದಕ್ಕುತ್ತದೆ. ಹೆಚ್ಚಾಗಿ ಸಿಕ್ಕಷ್ಟು ನೀರು ಕೊಡುವ ಕೊಡುಗೆ. ಮೀನು ಗಾಜಿಗೆ ಸಮಾನಾಂತರವಾಗಿ ಅಡ್ಡಲಾಗಿ ನಿಂತರೆ ಅಷ್ಟು ಸಾಕು, ಒಂಚೂರು ಓರೆಯಾದರೆ ಕಣ್ಣು ಸ್ಪಷ್ಟ, ಬಾಲ ಮಸುಕು.

ಸ್ಥೂಲ ಲೆಕ್ಕದಲ್ಲಿ ಇದೇ ಮೂರು ಮಿಲಿಮೀಟರಿನಷ್ಟನ್ನು ಪಡೆಯಲು ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಎಫ್/16 ಬೇಕು, ಪುಟ್ಟ ಸೆನ್ಸರಿಗೆ ಎಫ್/2.8 ಸಾಲುತ್ತದೆ. ಅಪರ್ಚರ್ ಅಷ್ಟು ಕಿರಿದಾದಾಗ ದೊಡ್ಡ ಸೆನ್ಸರಿಗೆ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಸಂವೇದನೆಯನ್ನು, ಏರಿಸಬೇಕಾಗುತ್ತದೆ; ಏರಿಸಿದರೆ ಅದರ ನಾಯ್ಸ್ (ಚಿತ್ರದಲ್ಲಿ ಮೂಡುವ ಕಾಳುಕಾಳು) ಕಡಿಮೆ ಎಂಬ ಅನುಕೂಲ ಬಹುಪಾಲು ಕರಗಿಹೋಗುತ್ತದೆ. ಬೇಕಾದ ಹೆಚ್ಚುವರಿ ಬೆಳಕನ್ನು ಫ್ಲ್ಯಾಶ್‌ನಿಂದ ತುಂಬಿಕೊಡಬಲ್ಲೆವಾದರೆ ಮಾತ್ರ ದೊಡ್ಡ ಸೆನ್ಸರ್ ತನ್ನ ಶಕ್ತಿಯನ್ನು ತೋರಿಸೀತು. ಹಾಗೆ ತುಂಬಲು ಫ್ಲ್ಯಾಶ್‌ನ ಶಕ್ತಿ ಹೆಚ್ಚಿಸಿದರೆ ಅದರ ಮಿಂಚಿನ ಅವಧಿಯೂ ಉದ್ದವಾಗುತ್ತದೆ, ಮಸುಕು ಮರಳಿ ಬರುತ್ತದೆ. ಈ ಎಳೆದಾಟದ ನಡುವೆ ನನಗೆ ಒಗ್ಗಿದ್ದು ಮೈಕ್ರೋ ಫೋರ್ ಥರ್ಡ್ಸ್.

ಮೆಗಾಪಿಕ್ಸೆಲ್ ವಿಷಯವನ್ನು ಬೇಗ ಮುಗಿಸಬಹುದು. ಎಫ್/8ರಲ್ಲಿ ಇಷ್ಟು ಹತ್ತಿರದಿಂದ ತೆಗೆಯುವಾಗ ಬೆಳಕಿನ ವಿವರ್ತನೆಯೇ, ಅಂದರೆ ಕಿರಿದಾದ ಕಿಂಡಿಯಲ್ಲಿ ಹಾಯುವಾಗ ಬೆಳಕು ಹರಡಿಕೊಳ್ಳುವುದೇ, ವಿವರಗಳನ್ನು ಮಿತಿಗೊಳಿಸುತ್ತದೆ. 20 ಮೆಗಾಪಿಕ್ಸೆಲ್ ಧಾರಾಳವಾಯಿತು.

ಕೈಬಿಟ್ಟವು

ಫೋನನ್ನು ಮೊದಲು ಪರೀಕ್ಷಿಸಿದೆ. ಅದರ ಚಿಕ್ಕ ಲೆನ್ಸನ್ನು ಗಾಜಿಗೆ ಒತ್ತಿಹಿಡಿದರೆ ಪ್ರತಿಬಿಂಬದ ಕಾಟವಿರುವುದಿಲ್ಲ ಎಂಬುದು ನಿಜವಾದ ಲಾಭ. ಆದರೆ ಮಂದ ಬೆಳಕಿನಲ್ಲಿ ಅದು ಹಲವು ಚಿತ್ರಗಳನ್ನು ಬೆರೆಸಿ ಒಂದು ಮಾಡುವುದರಿಂದ ಓಡುವ ಮೀನಿನ ಮೈ ಬಣ್ಣ ಬಳಿದಂತೆ ಹರಡಿಕೊಳ್ಳುತ್ತದೆ. ತೊಟ್ಟಿಯ ಮೇಲಿಡಬಹುದಾದ ಫ್ಲ್ಯಾಶ್ ಅನ್ನು ಅದಕ್ಕೆ ಜೋಡಿಸುವುದೂ ಸುಲಭವಲ್ಲ. ಲೆನ್ಸಿನಿಂದ ಒಂದೇ ಸೆಂಟಿಮೀಟರ್ ದೂರದವರೆಗೂ ಫೋಕಸ್ ಆಗುವ ಒಲಿಂಪಸ್ ಟಿಜಿ-6ರಂಥ ಕಾಂಪ್ಯಾಕ್ಟ್ ಕ್ಯಾಮೆರಾ ಬಹುಕಾಲ ಪಟ್ಟಿಯಲ್ಲಿತ್ತು. ಅಚಲವಾಗಿ ಗಾಜಿಗೆ ಅಂಟಿರುವ ಬಸವನಹುಳುವಿಗೆ ಅದಕ್ಕಿಂತ ಒಳ್ಳೆಯ ಕ್ಯಾಮೆರಾ ಬೇಡ. ಮೀನು ಅಷ್ಟು ಹತ್ತಿರಕ್ಕೆ ಬರುವುದು ತನಗೆ ಇಷ್ಟ ಬಂದಾಗ ಮಾತ್ರ.

ಆಯ್ಕೆಯಾದದ್ದು

ವ್ಯೂಫೈಂಡರ್ ಇರುವ, ಫ್ಲ್ಯಾಶ್ ಜೊತೆ 1/250 ಸೆಕೆಂಡಿನವರೆಗೆ ಕೆಲಸ ಮಾಡುವ ಮಿರರ್‌ಲೆಸ್ ಕ್ಯಾಮೆರಾ, ಅದಕ್ಕೆ ಒಲಿಂಪಸ್‌ನ 60 ಮಿಲಿಮೀಟರ್ ಎಫ್/2.8 ಮ್ಯಾಕ್ರೋ ಲೆನ್ಸ್. ಈ ಲೆನ್ಸ್ ವಸ್ತುವನ್ನು ನಿಜಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡಿಸಬಲ್ಲದು; ಅದರ ಕನಿಷ್ಠ ಫೋಕಸ್ ದೂರ 19 ಸೆಂಟಿಮೀಟರ್. ಈ ಅಂತರವನ್ನು ಅಳೆಯುವುದು ಸೆನ್ಸರಿನಿಂದ, ಲೆನ್ಸಿನ ತುದಿಯಿಂದಲ್ಲ. ಆ ಗಾತ್ರದಲ್ಲಿ ಲೆನ್ಸಿನ ಮುಂದೆ ಉಳಿಯುವುದು ಸುಮಾರು ಒಂಬತ್ತು ಸೆಂಟಿಮೀಟರ್ ಅಷ್ಟೆ. ನನ್ನ ಚೌಕಟ್ಟಿಗೆ ಅಷ್ಟು ಹತ್ತಿರ ಹೋಗಬೇಕಾಗಿಲ್ಲವಾದ್ದರಿಂದ, ಲೆನ್ಸಿಗೆ ಹಾಕಿದ ರಬ್ಬರ್ ಹುಡ್ ಅನ್ನು ಗಾಜಿಗೆ ಆನಿಸಿಟ್ಟು ಗಿಡಗಳ ಮುಂದಿನ ಬಯಲಿನಲ್ಲಿರುವ ಮೀನನ್ನು ಹಿಡಿಯಬಹುದು. ಲೆನ್ಸಿನ ಮೈಮೇಲಿರುವ ಫೋಕಸ್ ಮಿತಿಯ ಗುಂಡಿ ತುಂಬ ಉಪಯುಕ್ತ. ಅದಿಲ್ಲದಿದ್ದರೆ ಆಟೋಫೋಕಸ್ ತೊಟ್ಟಿಯ ಹಿಂಬದಿಯನ್ನೂ ಆಚೆಗಿನ ಗೋಡೆಯನ್ನೂ ಹುಡುಕಿಕೊಂಡು ಹೋಗುತ್ತದೆ. ಈಗಂತೂ ಮ್ಯಾನ್ಯುಯಲ್ ಫೋಕಸ್‌ನಲ್ಲಿ ದೂರವನ್ನು ನಿಗದಿಮಾಡಿ, ಮೀನು ಆ ಪದರಕ್ಕೆ ಬರುವವರೆಗೆ ಕಾಯುವುದನ್ನೇ ರೂಢಿಸಿಕೊಂಡಿದ್ದೇನೆ.

ಲೆನ್ಸನ್ನು ಗಾಜಿಗೆ ನೇರ ಲಂಬವಾಗಿ ಹಿಡಿಯಲೇಬೇಕು. ಓರೆಯಾಗಿ ನೋಡಿದರೆ ನೀರು ಪಟ್ಟಕದಂತೆ ವರ್ತಿಸಿ ಬಣ್ಣದ ಅಂಚುಗಳನ್ನು ಮೂಡಿಸುತ್ತದೆ, ಯಾವ ದುಬಾರಿ ಲೆನ್ಸೂ ಅದನ್ನು ಸರಿಪಡಿಸದು. ಆದರೆ ತೊಟ್ಟಿಯ ನೀರಿನ ದಪ್ಪ ಕೆಲವೇ ಸೆಂಟಿಮೀಟರ್ ಆದ್ದರಿಂದ, ಮುಳುಗುಗಾರರು ಕಡಲಲ್ಲಿ ಬಳಸುವ ಕೆಂಪು ಫಿಲ್ಟರ್ ಇಲ್ಲಿ ಅನಗತ್ಯ.

ಬೆಳಕು

ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಗಾಜಿನಿಂದ ಚಿಮ್ಮಿ ನೇರ ಲೆನ್ಸಿಗೇ ಬರುತ್ತದೆ. ಆದ್ದರಿಂದ ರೇಡಿಯೋ ಟ್ರಿಗರ್‌ನಿಂದ ಚಾಲೂ ಆಗುವ ಫ್ಲ್ಯಾಶ್ ಅನ್ನು ತೊಟ್ಟಿಯ ಮುಚ್ಚಳದ ಗಾಜಿನ ಮೇಲೆ, ಕೆಳಮುಖವಾಗಿ, ಮುಂಬದಿಯ ಅಂಚಿನ ಹತ್ತಿರ ಇರಿಸಿದ್ದೇನೆ. ಮುಚ್ಚಳದ ಮೇಲೆ ಕಟ್ಟುವ ಸುಣ್ಣದ ಬಿಳಿ ಪೊರೆಯನ್ನು ಪ್ರತಿ ಸಲವೂ ಒರೆಸಬೇಕಾಗುತ್ತದೆ. ಎಫ್/8, 1/250, ಐಎಸ್‌ಒ 200 ಇಟ್ಟಾಗ ತೊಟ್ಟಿಯ ದೀಪದ ಬೆಳಕು ಚಿತ್ರದಲ್ಲಿ ಕಾಣುವುದೇ ಇಲ್ಲ. ಇರುವ ಬೆಳಕೆಲ್ಲ ಫ್ಲ್ಯಾಶ್‌ನದೇ. ಇದರಿಂದ ವೈಟ್ ಬ್ಯಾಲೆನ್ಸ್‌ನ, ಅಂದರೆ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಬಣ್ಣದ ಹೊಂದಾಣಿಕೆಯ, ತಲೆನೋವೂ ಕಡಿಮೆಯಾಯಿತು, ಮರದ ಬೊಡ್ಡೆ ಬಿಡುವ ಕಂದುಬಣ್ಣದಿಂದ ಬರುವ ಹಳದಿ ಛಾಯೆಯನ್ನು ಮಾತ್ರ ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ತಿದ್ದುತ್ತೇನೆ. ಫ್ಲ್ಯಾಶ್‌ನ ಶಕ್ತಿಯನ್ನು ಕೈಯಿಂದಲೇ ಹೊಂದಿಸುತ್ತೇನೆ. ಬೆಳ್ಳಿ ಹೊಳಪಿನ ಮೀನು ಬಂದಾಗಲೆಲ್ಲ ಸ್ವಯಂಚಾಲಿತ ಅಳತೆ ಏರುಪೇರಾಗುತ್ತಿತ್ತು.

ನಿಯಾನ್‌ನ ನೀಲಿ ಪಟ್ಟೆಗೆ ಪ್ರತ್ಯೇಕ ಗಮನ ಬೇಕು. ಅದು ವರ್ಣದ್ರವ್ಯದಿಂದ ಬಂದ ಬಣ್ಣವಲ್ಲ. ಚರ್ಮದ ಕೋಶಗಳಲ್ಲಿ ಪದರಪದರವಾಗಿರುವ ಗ್ವಾನೀನ್ ಹರಳುಗಳು ಬೆಳಕನ್ನು ಪ್ರತಿಫಲಿಸುವ ಬಗೆಯಿಂದ ಹುಟ್ಟುವಂಥದ್ದು. ಹಾಗಾಗಿ ಫ್ಲ್ಯಾಶ್‌ನ ಕೋನ ಬದಲಾದಂತೆ ಪಟ್ಟೆಯ ನೀಲಿ ಹಸಿರಿನತ್ತ ಜಾರುತ್ತದೆ, ಕೆಲವೊಮ್ಮೆ ತೀರ ಮಂಕಾಗುತ್ತದೆ. ಕತ್ತಲಲ್ಲಿ ಮೀನು ತಾನೇ ಆ ಹೊಳಪನ್ನು ತಗ್ಗಿಸಿಕೊಳ್ಳುತ್ತದೆ. ದೀಪ ಹಾಕಿದ ಕೂಡಲೇ ಚಿತ್ರ ತೆಗೆದರೆ ಬಣ್ಣಗೆಟ್ಟ ನಿಯಾನ್‌ಗಳೇ ಸಿಗುತ್ತವೆ. ಬಣ್ಣ ಮರಳುವವರೆಗೆ ತಡೆದು ಶುರುಮಾಡುವುದು ಈಗ ಕ್ರಮವಾಗಿದೆ. ಫ್ಲ್ಯಾಶ್ ಮುಂಬದಿಯ ಅಂಚಿನಲ್ಲಿದ್ದಾಗ ಪಟ್ಟೆ ಅತ್ಯಂತ ಚೆನ್ನಾಗಿ ಮೂಡುತ್ತಿದೆ.

ಬಾಕಿ

ಮೇಲಿನಿಂದ ಬೀಳುವ ಬೆಳಕು ಕೋರಿಡೋರಸ್‌ನ ಬೆನ್ನಿನ ಮೂಳೆಫಲಕಗಳನ್ನು ಸೊಗಸಾಗಿ ತೋರಿಸುತ್ತದೆ, ಬಾಯಿ ಮತ್ತು ಮೀಸೆಗಳನ್ನು ನೆರಳಿನಲ್ಲಿ ಮುಳುಗಿಸುತ್ತದೆ. ತಳದ ಮಣ್ಣು ಕಪ್ಪಾಗಿರುವುದರಿಂದ ಕೆಳಗಿನಿಂದ ಬೆಳಕು ಹಿಮ್ಮರಳುವುದಿಲ್ಲ. ಮುಂಬದಿಯಲ್ಲಿ ತೆಳುಬಣ್ಣದ ಮರಳನ್ನು ಹರಡಿ ನೋಡುವುದು ಒಂದು ದಾರಿ, ಪಕ್ಕದ ಗಾಜಿನಿಂದ ಕಡಿಮೆ ಶಕ್ತಿಯ ಎರಡನೆಯ ಫ್ಲ್ಯಾಶ್ ಹಾಯಿಸುವುದು ಇನ್ನೊಂದು. ಮರಳಿನಲ್ಲಿ ಮೂತಿಯಿಟ್ಟು ಕೆದಕುವುದು ಆ ಮೀನಿನ ಸಹಜ ಸ್ವಭಾವವಾದ್ದರಿಂದ ಮರಳಿನಿಂದಲೇ ಆರಂಭಿಸುತ್ತೇನೆ.