ಅಮ್ಮ ಮತ್ತು ನೇಂದ್ರ ಗೊನೆ

ಬದಿಯಡ್ಕದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಯಾವಾಗಲೂ ಒಂದು ನೇಂದ್ರ ಬಾಳೆಯ ಗೊನೆ ತೂಗುತ್ತಿರುತ್ತದೆ. ಸಕ್ಕರೆ ಕಾಯಿಲೆ ಅಂತ ಗೊತ್ತಾದ ದಿನ ಅಮ್ಮ ಮೊದಲು ನೋಡಿದ್ದು ಅದನ್ನೇ. "ಇನ್ನು ಇದೂ ಇಲ್ವಾ?" ಅಂದರು. ನನ್ನ ಕರುಳು ಚುರುಕ್ಕೆಂದಿತು.

ಬಿಡಬೇಕಾಗಿಲ್ಲ, ಅಳತೆ ಬೇಕು ಅಷ್ಟೇ. ಬಾಳೆಕಾಯಿಯ ತುಂಬ ಇರುವುದು ಪಿಷ್ಟ. ಅದರಲ್ಲಿ ಒಂದಷ್ಟು ಸುಲಭಕ್ಕೆ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಹಣ್ಣಾಗುತ್ತಾ ಹೋದಂತೆ ಅದೇ ಪಿಷ್ಟ ಸಕ್ಕರೆಯಾಗುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ ಹಣ್ಣು ಅಷ್ಟು ಸಿಹಿಯಾಗಿರುವುದು ಅದಕ್ಕೇ. ಮಾಮೂಲಿ ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 105 ಕ್ಯಾಲೊರಿ, 3 ಗ್ರಾಂ ನಾರು, 420 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ನೇಂದ್ರ ಅದಕ್ಕಿಂತ ದೊಡ್ಡದು ಅಲ್ವಾ? ಹಾಗಾಗಿ ಅಮ್ಮನಿಗೆ ಈಗ ಅರ್ಧ ಹಣ್ಣು, ಚುಕ್ಕೆ ಬೀಳುವ ಮೊದಲು, ಒಂದು ಹಿಡಿ ನೆಲಕಡಲೆ ಜೊತೆಗೆ. ಉಳಿದರ್ಧ ನನಗೆ.

ಪೊಟ್ಯಾಸಿಯಂ ರಕ್ತದೊತ್ತಡಕ್ಕೆ ಒಳ್ಳೆಯದು. ಆದರೆ ಕಿಡ್ನಿ ಸೋತವರ ರಕ್ತದಲ್ಲಿ ಅದು ಜಾಸ್ತಿಯಾದರೆ ಹೃದಯದ ಬಡಿತವೇ ಏರುಪೇರಾಗಬಹುದು. ಪಕ್ಕದ ಮನೆಯ ಅಜ್ಜನಿಗೆ ಡಯಾಲಿಸಿಸ್ ನಡೆಯುತ್ತಿದೆ. ಗೊನೆ ಹಣ್ಣಾದಾಗೆಲ್ಲ ಅವರಿಗೊಂದು ಚಿಪ್ಪು ಕೊಡುವುದು ನಮ್ಮ ರೂಢಿ. ಈಗ ಅದರ ಬದಲು ಎರಡು ಸೇಬು ಒಯ್ಯುತ್ತೇನೆ.