ಒಂದು ವಾರ, ಎರಡು ಪುಟ, ಒಂದು ಬಾಟಲಿ ಹುಳಿ ಗೋಂದು

ಒತ್ತಕ್ಷರ ಸಿಕ್ಕಿತು ಮಾರಾಯ್ರೇ! ನಾಲ್ಕು ದಿನ ಕಲ್ಲಚ್ಚಿನಲ್ಲಿ ನನ್ನ ಕಣ್ಣೆದುರೇ ಮಾಯವಾಗುತ್ತಿದ್ದ 'ಗ್ಲಿ' ಶುಕ್ರವಾರ ರಾತ್ರಿ ಹನ್ನೊಂದು ಗಂಟೆಗೆ ಕಾಗದದ ಮೇಲೆ ಬಂತು. ಒತ್ತು ಸಮೇತ, ಗುಣಿಸು ಸಮೇತ. ಆ ಹೊತ್ತಿಗೆ ಕೂಗಬಾರದಿತ್ತು. ಕೂಗಿದೆ. ಪಕ್ಕದ ಮನೆಯ ಲೈಟ್ ಹತ್ತಿತು.

ಹಠ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಒಂದು ವಾರದಲ್ಲಿ ಎರಡು ಪುಟ ಕಲ್ಲಚ್ಚಿನಲ್ಲಿ ತೆಗೆಯಬೇಕು. ಕಲ್ಲಚ್ಚು ಅಂದರೆ ಲಿಥೋಗ್ರಫಿ: ಸುಣ್ಣದಕಲ್ಲಿನ ಮೇಲೆ ಜಿಡ್ಡು ಮಸಿಯ ಬರಹ ಇಳಿಸಿ, ಆಸಿಡ್ ಬೆರೆಸಿದ ಗೋಂದು ಬಳಿಯುವುದು. ಆಮೇಲೆ ಒದ್ದೆ ಕಲ್ಲಿಗೆ ರೋಲರ್ ಓಡಿಸಿದರೆ ಬರಹ ಮಾತ್ರ ಮಸಿ ಹಿಡಿಯುತ್ತದೆ, ಖಾಲಿ ಜಾಗ ಹಿಡಿಯುವುದಿಲ್ಲ. ಈ ಲೆಕ್ಕ 'ಮಂಗಳೂರ ಸಮಾಚಾರ'ದ್ದು. 1843ರ ಜುಲೈ 1ರಂದು ಶುರುವಾದ ಆ ಪತ್ರಿಕೆ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ನಾಲ್ಕು ಪುಟ. ಅಂದರೆ ವಾರಕ್ಕೆ ಎರಡು. ಅದನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಜರ್ಮನಿಯವರು. 1836ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಪಾದ್ರಿಯಾಗಿ ಮಂಗಳೂರಿಗೆ ಬಂದವರು. ಬಂದು, ಕನ್ನಡ ಕಲಿತು, ಮೂವತ್ತೆರಡರ ಹೊತ್ತಿಗೆ ಕನ್ನಡದ ಮೊದಲ ಪತ್ರಿಕೆಯನ್ನೇ ಹೊರಡಿಸಿದರು. ಮೂವತ್ತೆರಡರಲ್ಲಿ ನಾನು ಅಕ್ವೇರಿಯಂ ಇಟ್ಟುಕೊಂಡು ಮೀನು ಸಾಯಿಸುತ್ತಿದ್ದೆ.

ನನ್ನ ಪುಟದ ಬರಹ ನನ್ನದೇ. ಆ ತರುಣ ಪಾದ್ರಿ ಬಂದದ್ದು, ಭಾಷೆ ಕಲಿತದ್ದು, ಕಲ್ಲಿನ ಮೇಲೆ ಸುದ್ದಿ ಅಚ್ಚು ಹಾಕಿಸಿದ್ದು, ಇಷ್ಟೇ ವಿಷಯ. ಹಳೆಯ ಪುಟದ ನಕಲು ಮಾಡುವ ಆಸೆ ಇಲ್ಲ. ಅವರು ಪಟ್ಟ ಪಾಡನ್ನು ಒಂದು ವಾರ ಪಟ್ಟು ನೋಡುವ ಆಸೆ. ಆ ಆಸೆ ಮಾತ್ರ ಪೂರ್ತಿ ಈಡೇರಿತು.

ಭಾನುವಾರ ಕಲ್ಲು ಉಜ್ಜಿದೆ, ಟ್ರಾನ್ಸ್‌ಫರ್ ಪೇಪರಿನಲ್ಲಿ (ನೇರವಾಗಿ ಬರೆದು ಕಲ್ಲಿನ ಮೇಲೆ ಒತ್ತಿ ಇಳಿಸುವ ಕಾಗದ) ಬರೆದೆ, ಸೋಮವಾರ ಕಲ್ಲಿಗೆ ಇಳಿಸಿದೆ. ಕಲ್ಲಿನ ಮೇಲೆ ನೇರವಾಗಿ ತಿರುಗುಮುರುಗು ಬರೆಯುವ ಪ್ರಯೋಗ ಈ ಸಲ ಇಲ್ಲ. ಹೋದ ವರ್ಷ ಮಾಡಿದಾಗ ಇಡೀ ಸಾಲಿನಲ್ಲಿ ಸರಿಯಾಗಿ ಬಂದದ್ದು ಸೊನ್ನೆ ಒಂದೇ. ಅದೂ ಅಕ್ಷರದ ತಪ್ಪು ಮಗ್ಗುಲಿಗೆ ಬಂದಿತ್ತು.

ಕಲ್ಲಿನ ಬಗ್ಗೆ ಒಂದು ಮಾತು. 'ಅಸಲಿ ಬವೇರಿಯಾ ಸುಣ್ಣದಕಲ್ಲು, ಕಲೆಯಿಲ್ಲ' ಎಂದು ಹೇಳಿ ಮಾರಿದವನ ಕಲ್ಲಿನಲ್ಲಿ ನಟ್ಟನಡುವೆ ಒಂದು ಗೆರೆ ಓಡಿದೆ. ಫೋನ್ ಮಾಡಿದರೆ, "ಅದು ಕಲೆಯಲ್ಲ ಸರ್, ಡಿಸೈನ್" ಎಂದ. ಹತ್ತೊಂಬತ್ತು ಕೆ.ಜಿ. ಡಿಸೈನನ್ನು ವಾಪಸ್ ಕಳಿಸುವ ಖರ್ಚಿನಲ್ಲಿ ಇನ್ನೊಂದು ಕಲ್ಲೇ ಬರುತ್ತದೆ. ಹಾಗಾಗಿ ಗೆರೆಯ ಎರಡು ಕಡೆ ಎರಡು ಅಂಕಣ ಮಾಡಿಕೊಂಡೆ. ಪತ್ರಿಕೆಯ ಕಳೆ ಬಂತು, ಅದು ಬೇರೆ ಮಾತು.

ಈಗ ಅಸಲು ಕಥೆ.

ಸೋಮವಾರ ರಾತ್ರಿಯ ಪ್ರೂಫಿನಲ್ಲಿ ಒತ್ತುಗಳೆಲ್ಲ ಮಸಿ ತುಂಬಿ ಉಂಡೆ ಕಟ್ಟಿದ್ದವು. 'ಕ್ಕ' ಯಾವುದು, 'ತ್ತ' ಯಾವುದು ಗೊತ್ತಾಗುತ್ತಿರಲಿಲ್ಲ. ಆಸಿಡ್ ಸಾಲಲಿಲ್ಲ ಎಂದುಕೊಂಡೆ. ಮಂಗಳವಾರ ಮೂವತ್ತು ಮಿ.ಲೀ. ಗೋಂದಿಗೆ ಆರು ಹನಿ ನೈಟ್ರಿಕ್ ಆಸಿಡ್ ಇದ್ದದ್ದನ್ನು ಹತ್ತು ಮಾಡಿದೆ. ಸಂಜೆಯ ಪ್ರೂಫ್ ಚೊಕ್ಕವಾಗಿತ್ತು. ಖುಷಿಯಿಂದ ಗೋಂದು ಬಳಿದು ಕಲ್ಲನ್ನು ಮಲಗಿಸಿ ನಾನೂ ಮಲಗಿದೆ. ಬುಧವಾರ ಬೆಳಿಗ್ಗೆ ಮಸಿ ಹತ್ತಿಸಿ ಎತ್ತಿದರೆ 'ಪತ್ರಿಕೆ' ಹೋಗಿ 'ಪತಿಕೆ' ಆಗಿದೆ. 'ವರ್ತಮಾನ'ದ ಅರ್ಕಾವತ್ತು ನಾಪತ್ತೆ. ನಮ್ಮ ಪಾದ್ರಿ 'ಮೊಗಿಂಗ್'.

ಒತ್ತೇ ಯಾಕೆ ಮೊದಲು ಹೋಗುತ್ತದೆ ಎನ್ನುವುದು ಕಷ್ಟದ ಪ್ರಶ್ನೆಯಲ್ಲ. ಅಕ್ಷರ ಬರೆದು ಮುಗಿಸಿ ಕೊನೆಗೆ ಒತ್ತು ಕೊಡುತ್ತೇವೆ. ಆ ಹೊತ್ತಿಗೆ ಪೆನ್ನಿನ ತುದಿಯಲ್ಲಿ ಮಸಿ ಕಡಿಮೆ, ಕೈಯ ಭಾರವೂ ಕಡಿಮೆ. ಕಲ್ಲಿಗೆ ಇಳಿಯುವ ಜಿಡ್ಡೂ ಅಷ್ಟೇ. ಆಸಿಡ್‌ಗೆ ಇದು ಬಾಯಿಗೆ ಬಂದ ತುತ್ತು. ಇಂಗ್ಲಿಷ್‌ನವರಿಗೆ ಈ ತಾಪತ್ರಯ ಇಲ್ಲ. ಅವರ ಸಾಲಿನ ಕೆಳಗೆ ಅಲ್ಲೊಂದು ಇಲ್ಲೊಂದು ಬಾಲ ಇಳಿಯುತ್ತದೆ, ಅಷ್ಟೇ. ನಮ್ಮದು ಸಾಲಿನ ಕೆಳಗೆ ಇನ್ನೊಂದು ಸಾಲು.

ಸರಿ, ಹತ್ತು ಹನಿ ಜಾಸ್ತಿಯಾಯಿತು ಎಂದು ಬುಧವಾರ ಪೂರ್ತಿ ಮತ್ತೆ ಉಜ್ಜಿದೆ. ಬೆನ್ನು ನೋವಿನ ವಿಷಯ ಬೇಡ. ಮತ್ತೆ ಬರೆದೆ, ಇಳಿಸಿದೆ, ಆರು ಹನಿಗೆ ವಾಪಸ್ ಬಂದೆ, ರೋಲರ್‌ಗೆ ಮಸಿ ಕಡಿಮೆ ಮಾಡಿದೆ. ಸಂಜೆ ಪ್ರೂಫ್ ಎಷ್ಟು ಚೆನ್ನಾಗಿತ್ತೆಂದರೆ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದೆ. ಸೋಮವಾರದ ಉಂಡೆಗೆ ಕಾರಣ ಆಸಿಡ್ ಅಲ್ಲ, ಮಸಿ ಹಚ್ಚುವಾಗಿನ ನನ್ನ ದುರಾಸೆ ಎಂದು ಆಗ ಗೊತ್ತಾಯಿತು. ಗೋಂದು ಬಳಿದೆ, ಮಲಗಿದೆ. ಗುರುವಾರ ಬೆಳಿಗ್ಗೆ ಮತ್ತೆ 'ಮೊಗಿಂಗ್'.

ಸಂಜೆ ಇದ್ದದ್ದು ಬೆಳಿಗ್ಗೆ ಇಲ್ಲ. ಅಂದರೆ ಕಳ್ಳತನ ರಾತ್ರಿ ನಡೆಯುತ್ತಿದೆ. ರಾತ್ರಿ ಕಲ್ಲಿನ ಮೇಲೆ ಇರುವುದು ಗೋಂದು ಒಂದೇ. ಖಾಲಿ ಜಾಗಕ್ಕೆ ಮಸಿ ಹತ್ತದಂತೆ ಕಾಯುವ ಗೋಂದು ಕಾವಲುಗಾರ ಅಲ್ವಾ? ಅದರ ಮೇಲೆ ಯಾರಿಗೆ ಅನುಮಾನ ಬರುತ್ತದೆ!

ಆಮೇಲೆ ಎರಡು ಸಂಗತಿ ಒಟ್ಟಿಗೆ ಹೊಳೆದವು. ಒಂದು, ಬೆಳಿಗ್ಗೆ ಕಲ್ಲು ಮುಟ್ಟಿದಾಗ ಬೆರಳು ಅಂಟುತ್ತಿತ್ತು. ಗೋಂದು ಒಣಗಿಯೇ ಇರಲಿಲ್ಲ. ಈ ಮಳೆಯಲ್ಲಿ ನಮ್ಮ ಮನೆಯಲ್ಲಿ ಉಪ್ಪೂ ನೀರಾಗುತ್ತದೆ, ಇನ್ನು ಗೋಂದು ಒಣಗುವುದುಂಟೇ? ಎರಡು, ಗೋಂದಿನ ಬಾಟಲಿ ತೆರೆದಾಗಲೆಲ್ಲ 'ಟಪ್' ಎನ್ನುತ್ತಿತ್ತು. ಮೂರು ದಿನದಿಂದ ಆ ಸದ್ದು ಕೇಳುತ್ತಿದ್ದೇನೆ. ಬಾಟಲಿಯ ಮುಚ್ಚಳ ಒಳ್ಳೆಯದು ಎಂದುಕೊಂಡಿದ್ದೆ. ಮೂಗಿನ ಹತ್ತಿರ ಹಿಡಿದರೆ ಮೂರು ದಿನದ ದೋಸೆ ಹಿಟ್ಟಿನ ವಾಸನೆ.

ಹುಳಿ ಅಳೆಯುವ, ಅಕ್ವೇರಿಯಂ ಕಾಲದ ಪಿಎಚ್ ಪಟ್ಟಿ ಡ್ರಾಯರಿನಲ್ಲಿ ಇನ್ನೂ ಇತ್ತು (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ಸತ್ತ ಮೀನುಗಳು ಕೊನೆಗೂ ಉಪಕಾರ ಮಾಡಿದವು. ಹೊಸದಾಗಿ ನೆನೆಸಿದ ಗೋಂದು ನಾಲ್ಕೂವರೆ ತೋರಿಸಿತು. ಬಾಟಲಿಯದ್ದು ಮೂರರ ಆಸುಪಾಸು. ಹುಳಿ ಬಂದಿದೆ, ಒಣಗಿಯೂ ಇಲ್ಲ, ರಾತ್ರಿಯಿಡೀ ಕಲ್ಲಿನ ಮೇಲೆ ಒದ್ದೆಯಾಗಿ ಕೂತಿದೆ. ನಾನು ಮಲಗಿದ್ದರೂ ಕೆಲಸ ನಡೆಯುತ್ತಲೇ ಇದೆ.

ಅನುಮಾನ ಉಳಿಯಬಾರದಲ್ಲ. ಗುರುವಾರ ಸಂಜೆ ಒಂದು ಸಣ್ಣ ಕಲ್ಲಿನ ಮೇಲೆ 'ಗ್ಲಿ' ಆರು ಸಲ ಬರೆದು ಮೂರು ಪಾಲು ಮಾಡಿದೆ. ಮೊದಲ ಪಾಲಿಗೆ ಹಳೆಯ ಗೋಂದು, ಒಣಗಿಸಲಿಲ್ಲ. ಎರಡನೆಯದಕ್ಕೆ ಹೊಸ ಗೋಂದು, ಅದನ್ನೂ ಒಣಗಿಸಲಿಲ್ಲ. ಮೂರನೆಯದಕ್ಕೆ ಹೊಸ ಗೋಂದು ಬಳಿದು, ಬಟ್ಟೆಯಲ್ಲಿ ತೆಳ್ಳಗೆ ಒರೆಸಿ, ಹೇರ್ ಡ್ರೈಯರ್ ಹಿಡಿದೆ. ಯಾರ ಹೇರ್ ಡ್ರೈಯರ್ ಎಂದು ಕೇಳಬೇಡಿ. ಆಮೇಲೆ ಕೋಣೆಯ ಫ್ಯಾನನ್ನೂ ಅದರ ಕಡೆಗೇ ತಿರುಗಿಸಿದೆ. "ಕಲ್ಲಿಗೆ ಫ್ಯಾನು, ನಮಗೆ ಬೀಸಣಿಗೆಯಾ?" ಎಂದು ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ.

ಗೋಂದು ಒಣಗಲು ಕಾಯುತ್ತಾ ಕೂತಾಗ ತಲೆ ಬೇರೆ ಕಡೆ ಓಡಿತು. ಮುಂದಿನ ಹಠ ಹೆಂಚಿನದು! ಅದೇ ಮಿಶನ್ನಿನ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ನನಗೆ ಬೇಕಿರುವುದು ಅಂಗೈ ಅಗಲದ ಹೆಂಚು. ಒಂದಕ್ಕೊಂದು ಕೊಂಡಿ ಕೂರುವ, ನೀರು ಹರಿಯುವ ಗೀರು ಇರುವ ಪುಟಾಣಿ ಮಂಗಳೂರು ಹೆಂಚು. ಅಚ್ಚನ್ನು ಬೀಟೆ ಮರದಲ್ಲಿ ಕೆತ್ತುವುದೋ, ಪ್ಲಾಸ್ಟರಿನಲ್ಲಿ ಹೊಯ್ಯುವುದೋ? ಮಣ್ಣು ಒಣಗಿ ಕುಗ್ಗುವ ಲೆಕ್ಕ ಹಾಕಿ ಅಚ್ಚನ್ನು ದೊಡ್ಡದು ಮಾಡಬೇಕು, ಇಲ್ಲದಿದ್ದರೆ ಕೊಂಡಿ ಕೂರುವುದಿಲ್ಲ. ಕಾಗದದ ಮೇಲೆ ಚಿತ್ರ ಬಿಡಿಸಿಯೇ ಬಿಟ್ಟೆ. ಮಣ್ಣೂ ಈ ಮಳೆಯಲ್ಲಿ ಒಣಗುವುದಿಲ್ಲ ಎಂದು ಆಮೇಲೆ ನೆನಪಾಯಿತು. ಹಾಗಾಗಿ ಡಿಸೆಂಬರ್.

ಶುಕ್ರವಾರ ಬೆಳಿಗ್ಗೆ ಫಲಿತಾಂಶ. ಹಳೆಯ ಗೋಂದಿನ ಎರಡೂ 'ಗ್ಲಿ' ಬರೀ 'ಗಿ'. ಹೊಸ ಗೋಂದು, ಒದ್ದೆ: ಒತ್ತು ಇದೆ, ಆದರೆ ಗೋಂದು ಹೆಪ್ಪುಗಟ್ಟಿದ ಕಡೆ ಮಸಿ ಹಿಡಿದಿಲ್ಲ, ಅಲ್ಲಲ್ಲಿ ತೇಪೆ. ಹೊಸ ಗೋಂದು, ಒಣಗಿಸಿದ್ದು: ಕೂದಲೆಳೆಯೂ ಬಿಡದೆ ಬಂದಿದೆ.

ಈ ಗೋಂದು ಮಾರಿದವನನ್ನೂ ಬಿಡುವುದಿಲ್ಲ. ಗಟ್ಟಿ ಹರಳು ಕೇಳಿದ್ದೆ, ಕಳಿಸಿದ್ದು ಪುಡಿ. ಅದರಲ್ಲಿ ಮರದ ತೊಗಟೆ, ಒಂದು ಇರುವೆ, ಇನ್ನೂ ಏನೇನೋ. "ನೆನೆಸಿ ಸೋಸಿಕೊಳ್ಳಿ, ತಿಂಗಳು ಇಡಬಹುದು" ಎಂದಿದ್ದ. ಮಂಗಳೂರಿನ ಜೂನ್‌ನಲ್ಲಿ ಮೂರು ದಿನವೂ ಇಡುವಂತಿಲ್ಲ. ಇನ್ನು ದಿನಕ್ಕೆ ಬೇಕಾದಷ್ಟೇ ನೆನೆಸುವುದು, ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಡುವುದು. ಬಾಟಲಿಯ ಮೇಲೆ ದೊಡ್ಡದಾಗಿ 'ಕುಡಿಯಬೇಡಿ' ಎಂದು ಬರೆದಿದ್ದೇನೆ.

ಶುಕ್ರವಾರ ಮತ್ತೆ ಉಜ್ಜಿ, ಬರೆದು, ಇಳಿಸಿ, ಒಣಗಿಸಿ, ಎಂಟು ಗಂಟೆ ಬಿಟ್ಟು ರಾತ್ರಿ ಮಸಿ ಹಚ್ಚಿದೆ. ಕೂಗಿದ್ದು ಆವಾಗಲೇ.

ನನಗೆ ಕಾಡುತ್ತಿರುವುದು ಬೇರೆ. ನನ್ನ ಹತ್ತಿರ ಫ್ರಿಜ್ ಇದೆ, ಫ್ಯಾನ್ ಇದೆ, ಕದ್ದ ಹೇರ್ ಡ್ರೈಯರ್ ಇದೆ. ಜುಲೈ 1 ಎಂದರೆ ಇಲ್ಲಿ ಮಳೆ ಹಿಡಿದು ಕೂರುವ ಹೊತ್ತು. ಮೊಗ್ಲಿಂಗ್ ಪತ್ರಿಕೆ ಶುರುಮಾಡಿದ್ದು ಅದೇ ದಿನ! ಮುಂದಿನ ಸಂಚಿಕೆ ಹದಿನೈದು ದಿನಕ್ಕೆ, ಅಂದರೆ ನಡುಮಳೆಗಾಲಕ್ಕೆ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಅಲ್ಲಿ ಬಿಡಿ ಅಕ್ಷರ ಜೋಡಿಸಿ ಅಚ್ಚು ಹಾಕುವ ಅಚ್ಚುಮೊಳೆ ಇತ್ತು, ಅದಕ್ಕೇ ಹೋಯಿತು ಎನ್ನುತ್ತಾರೆ. ಇರಬಹುದು. ಆದರೆ ಬಳ್ಳಾರಿಯಲ್ಲಿ ಗೋಂದು ಹತ್ತು ನಿಮಿಷದಲ್ಲಿ ಒಣಗುತ್ತದೆ ಎನ್ನುವುದನ್ನೂ ಯಾರಾದರೂ ಲೆಕ್ಕಕ್ಕೆ ಹಿಡಿಯಬೇಕಿತ್ತು.

ಶನಿವಾರ ಹದಿನಾಲ್ಕು ಪ್ರತಿ ತೆಗೆದೆ. ಹನ್ನೊಂದು ಚೆನ್ನಾಗಿವೆ. ಎರಡರಲ್ಲಿ ಕಲ್ಲಿನ 'ಡಿಸೈನ್' ಕಪ್ಪಾಗಿ ಬಂದಿದೆ. ಒಂದನ್ನು ಬೆಕ್ಕು ತುಳಿಯಿತು. ಎರಡನೇ ಪುಟ ಇನ್ನೂ ಟ್ರಾನ್ಸ್‌ಫರ್ ಪೇಪರಿನಲ್ಲೇ ಇದೆ. ವಾರ ಮುಗಿದಿದೆ, ಹಠದಲ್ಲಿ ಅರ್ಧ ಸೋತಿದ್ದೇನೆ. ಕಲ್ಲು ಈಗ ಹೊಸ ಗೋಂದು ಹೊದ್ದು ಫ್ಯಾನಿನ ಕೆಳಗಿದೆ. ಕರೆಂಟ್ ಹೋಗಿ ಇಪ್ಪತ್ತು ನಿಮಿಷವಾಯಿತು. ನಾನು ಪೇಪರ್ ಮಡಚಿ ಗಾಳಿ ಹಾಕುತ್ತಿದ್ದೇನೆ, ಕಲ್ಲಿಗೆ.