ಟೇಬಲ್ ಏರಿದರೆ ಪ್ರೆಶರ್ ಕೂಡ ಏರುತ್ತದೆ

9 ಜುಲೈ 2024, ಮಂಗಳವಾರ

ನಮ್ಮ ಕ್ಯಾಥ್ ಲ್ಯಾಬಿನ (ನಳಿಗೆ ತೂರಿಸಿ ಹೃದಯ ಪರೀಕ್ಷಿಸುವ ಕೋಣೆ) ಇವತ್ತಿನ ಪಟ್ಟಿಯಲ್ಲಿ ಐದು ಆಂಜಿಯೋ, ಒಂದು ರೈಟ್ ಹಾರ್ಟ್ ಸ್ಟಡಿ, ಅಂದರೆ ಹೃದಯದ ಬಲಗಡೆಯಿಂದ ಒತ್ತಡ ಅಳೆಯುವ ಪರೀಕ್ಷೆ. ಆಂಜಿಯೋಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ರೈಟ್ ಹಾರ್ಟ್ ಇದ್ದ ದಿನ ಮಾತ್ರ ಒತ್ತಡವನ್ನು ಮಾನಿಟರಿನ ಗೆರೆಯಾಗಿಸುವ ಟ್ರಾನ್ಸ್‌ಡ್ಯೂಸರ್ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೇ ಎಲ್ಲ ನಿಂತಿರುತ್ತದೆ.

ಜೀರೋ ಮಾಡುವುದು ಬೇರೆ, ಲೆವೆಲ್ ಮಾಡುವುದು ಬೇರೆ. ಕ್ಯಾಥ್ ಲ್ಯಾಬಿಗೆ ಹೊಸದಾಗಿ ಬಂದವರು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಸಲೈನ್ ತುಂಬಿದ ಲೈನಿನ ತ್ರೀವೇಯನ್ನು (ಮೂರು ದಾರಿಯ ನಲ್ಲಿ) ಪೇಷೆಂಟ್ ಕಡೆ ಮುಚ್ಚಿ, ಗಾಳಿಗೆ ತೆರೆದು ಬಟನ್ ಒತ್ತಿದರೆ ಗೆರೆ ಸೊನ್ನೆಯ ಮೇಲೆ ಕೂರುತ್ತದೆ; ಅದು ಜೀರೋ. ಆ ತ್ರೀವೇ ಹೃದಯದ ಮಟ್ಟದಲ್ಲಿರಬೇಕು, ಅದು ಲೆವೆಲ್. ಅಂಗಾತ ಮಲಗಿದವರಲ್ಲಿ ನಾಲ್ಕನೇ ಪಕ್ಕೆ ಸಂದಿನ ನೇರಕ್ಕೆ, ಎದೆಯ ದಪ್ಪದ ಅರ್ಧಕ್ಕೆ ಹಿಡಿಯಬೇಕು. ಕಣ್ಣಳತೆ ಸಾಲದು, ಸ್ಕೇಲ್ ಇಟ್ಟೇ ನೋಡಬೇಕು.

ಟ್ರಾನ್ಸ್‌ಡ್ಯೂಸರ್ ಟೇಬಲ್ಲಿನ ರೇಲಿಗೆ ಕಟ್ಟಿದ್ದರೆ ಟೇಬಲ್ ಜೊತೆಗೇ ಏರಿಳಿಯುತ್ತದೆ. ಡ್ರಿಪ್ ಸ್ಟ್ಯಾಂಡಿಗೆ ಕಟ್ಟಿದ್ದರೆ ಅಲ್ಲೇ ನಿಂತಿರುತ್ತದೆ. ಆಗ ಡಾಕ್ಟರು ಟೇಬಲ್ಲನ್ನು 10 ಸೆಂ.ಮೀ. ಎತ್ತಿದರೆ ಓದು ಪಾದರಸದ 7 ಎಂಎಂ ಚಿಲ್ಲರೆ ಹೆಚ್ಚು ಬರುತ್ತದೆ. ಅಯೋರ್ಟಾದಲ್ಲಿ (ಮಹಾಪಧಮನಿ) 120 ಇದ್ದದ್ದು 127 ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ವೆಡ್ಜ್, ಅಂದರೆ ಶ್ವಾಸಕೋಶದ ರಕ್ತನಾಳದಲ್ಲಿ ಬಲೂನ್ ಉಬ್ಬಿಸಿ ಹೃದಯದ ಎಡಗಡೆಯ ಒತ್ತಡ ತಿಳಿಯುವ ಓದು, 12 ಇದ್ದದ್ದು 19 ಆದರೆ? 15 ದಾಟಿತೆಂದರೆ ತೊಂದರೆ ಹೃದಯದ ಎಡಗಡೆ ಇದೆ ಎಂದು ಓದುತ್ತಾರೆ. ಎತ್ತರದ ತಪ್ಪು ರಿಪೋರ್ಟಿನಲ್ಲಿ ರೋಗವಾಗಿ ಕೂತುಬಿಡುತ್ತದೆ.

ವೆಡ್ಜ್ ಓದುವುದು ಉಸಿರು ಪೂರ್ತಿ ಹೊರಬಿಟ್ಟ ಕೊನೆಗೆ, ಮಾನಿಟರಿನ ಸ್ಕೇಲ್ 40ಕ್ಕೆ ಇಳಿಸಿಕೊಂಡು. "ಉಸಿರು ಹಿಡಿದುಕೊಳ್ಳಿ" ಅಂದರೆ ಎಲ್ಲರೂ ಎದೆ ತುಂಬ ಎಳೆದುಕೊಂಡು ಮುಕ್ಕರಿಯುತ್ತಾರೆ, ಒತ್ತಡ ಏರುತ್ತದೆ. "ಅಜ್ಜಿ, ಉಸಿರು ಬಿಡಿ... ಹಾಂ, ಹಾಗೇ ಇರಿ" ಅಂದರೆ ಕೆಲಸವಾಗುತ್ತದೆ.

ಇನ್ನು ಗುಳ್ಳೆ. ಸಾಸಿವೆಯಷ್ಟು ಗಾಳಿ ಲೈನಿನಲ್ಲಿ ಉಳಿದರೂ ಟ್ರೇಸಿನ, ಅಂದರೆ ಒತ್ತಡದ ಗೆರೆಯ, ಚೂಪು ಹೋಗಿ ದಿಬ್ಬದಂತಾಗುತ್ತದೆ: ಸಿಸ್ಟೋಲಿಕ್ (ಮೇಲಿನ ಒತ್ತಡ) ಇಳಿದು ಡಯಾಸ್ಟೋಲಿಕ್ (ಕೆಳಗಿನದು) ಏರುತ್ತದೆ, ಮೀನ್ (ಸರಾಸರಿ) ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದು ಅಡಗುವುದು ತ್ರೀವೇಯ ಮೂಲೆಯಲ್ಲಿ, ಟ್ರಾನ್ಸ್‌ಡ್ಯೂಸರಿನ ಗುಮ್ಮಟದಲ್ಲಿ. ಲೈನ್ ತುಂಬುವಾಗಲೇ ಬೆರಳಲ್ಲಿ ತಟ್ಟುತ್ತಾ ನಿಧಾನ ಸಲೈನ್ ಬಿಡಬೇಕು. ರಭಸಕ್ಕೆ ಬಿಟ್ಟರೆ ಹೊಸ ಗುಳ್ಳೆಗಳೇಳುತ್ತವೆ. ಲೈನಿನಲ್ಲಿ ಡೈ (ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಿಸುವ ದ್ರವ) ಉಳಿದರೂ ಇದೇ ಗತಿ, ಅದು ಸಲೈನಿಗಿಂತ ಮಂದ. ಫ್ಲಶ್ ಮಾಡದೆ ಓದಬಾರದು.

ಆದರೆ ಆಂಜಿಯೋದಲ್ಲಿ ಕ್ಯಾಥೆಟರ್ (ನಳಿಗೆ) ಹೃದಯದ ಎಡ ಮುಖ್ಯ ರಕ್ತನಾಳವಾದ ಲೆಫ್ಟ್ ಮೇನ್ ಬಾಯಿಗೆ ಕೂತ ಕ್ಷಣವೇ ಟ್ರೇಸ್ ಕುಸಿದರೆ ಗುಳ್ಳೆ ಹುಡುಕುತ್ತಾ ಕೂರಬಾರದು. "ಡ್ಯಾಂಪ್ ಆಗ್ತಿದೆ ಸಾರ್" ಅಂತ ಡೈ ಬಿಡುವ ಮುಂಚೆಯೇ ಕೂಗಬೇಕು. ಮರ್ಯಾದೆಗೆ ಮೆಲ್ಲಗೆ ಹೇಳುವ ಮಾತಲ್ಲ ಇದು. ಆ ಸ್ಥಿತಿಯಲ್ಲಿ ಡೈ ಬಿಟ್ಟರೆ ರಕ್ತನಾಳದ ಒಳಪದರ ಸೀಳಬಹುದು, ಹೃದಯ ಬಡಿಯದೆ ಬರೀ ಅದುರುವ ವಿಎಫ್‌ಗೂ ಹೋಗಬಹುದು. ಕ್ಯಾಥೆಟರ್ ತುಸು ಹಿಂದೆಳೆದಾಗ ಟ್ರೇಸ್ ಮರಳಿದರೆ ದೋಷ ಆ ಬಾಯಿಯಲ್ಲಿ, ಮರಳದಿದ್ದರೆ ನಮ್ಮ ಲೈನಿನಲ್ಲಿ.

ನಾಳೆ ಮೊದಲ ಕೇಸ್ ಮೈಟ್ರಲ್ ಬಲೂನ್, ಅಂದರೆ ಕಿರಿದಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಹಿಗ್ಗಿಸುವುದು. ಆ ಕವಾಟದ ಎರಡು ಬದಿಯ ಕೋಣೆಗಳಾದ ಎಲ್‌ಎ, ಎಲ್‌ವಿಗಳ ಒತ್ತಡ ಒಟ್ಟಿಗೆ ಬರೆಯಲು ಎರಡು ಟ್ರಾನ್ಸ್‌ಡ್ಯೂಸರ್, ಎರಡೂ ಒಂದೇ ಎತ್ತರಕ್ಕೆ. ಶುರುವಿಗೆ ಮುಂಚೆ ಎರಡನ್ನೂ ಒಂದೇ ಪ್ರೆಶರಿಗೆ ಜೋಡಿಸಿ ನೋಡಬೇಕು; ಗೆರೆಗಳು ಒಂದರ ಮೇಲೊಂದು ಬೀಳದಿದ್ದರೆ ಆ ಅಂತರವೇ ಗ್ರೇಡಿಯೆಂಟ್‌ಗೂ (ಎರಡು ಕೋಣೆಗಳ ಒತ್ತಡದ ವ್ಯತ್ಯಾಸ) ಸೇರಿಕೊಳ್ಳುತ್ತದೆ.